ಅತ್ತೆ ಮನೆಯ ಅಟ್ಟದಲ್ಲಿ ನಿಕೋಟಿನ್ ಬಾಟಲಿ

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಊರು ಹೊಸಪೇಟೆ. ಹಂಪಿ ಹತ್ತಿರ ಚಿಕ್ಕದೊಂದು ಹೋಂಸ್ಟೇ ನಡೆಸುತ್ತೇನೆ. ಮೊದಲು ದಿನಕ್ಕೆ ಒಂದು ಪ್ಯಾಕ್ ಸಿಗರೇಟು ಸೇದುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಪ್ರವಾಸಿಗರೊಬ್ಬರು ಊರಿಗೆ ಹೋಗುವಾಗ ತಮ್ಮ ವೇಪ್, ಅಂದರೆ ಇ-ಸಿಗರೇಟು, ಕೊಟ್ಟು ಹೋದರು. ಸಿಗರೇಟಿಗಿಂತ ವಾಸಿ, ವಾಸನೆಯೂ ಇಲ್ಲ ಅಂತ ಅದನ್ನೇ ಹಿಡಿದೆ. ಸಿಗರೇಟು ಬಿಟ್ಟುಹೋಯಿತು, ಇದು ಬಿಡಲಿಲ್ಲ. ಈಗ ಬೆಳಿಗ್ಗೆ ಎದ್ದು ಹಾಸಿಗೆ ಮಡಚುವ ಮೊದಲೇ ಬೇಕು.

ಸರ್ಕಾರ ಹೊಸ ಕಾನೂನು ಬಿಗಿ ಮಾಡುತ್ತಿದೆ, ಇನ್ನು ಮುಂದೆ ಎಲ್ಲೂ ಸಿಗುವುದಿಲ್ಲ ಎಂದು ಗೆಳೆಯರು ಹೇಳಿದರು. ಹೆದರಿ, ಸಿಕ್ಕಷ್ಟು ತರಿಸಿಬಿಟ್ಟೆ. ಬಳಸಿ ಬಿಸಾಡುವಂಥ ವೇಪ್ ಇಪ್ಪತ್ತು, ತುಂಬಿಸುವ ದ್ರವದ ಬಾಟಲಿಗಳು, ಅದರ ಜೊತೆಗೆ ಮನೆಯಲ್ಲೇ ಬೆರೆಸಿಕೊಳ್ಳಲು ಗಟ್ಟಿ ನಿಕೋಟಿನ್ 100 ಮಿಲಿಯ ಒಂದು ಬಾಟಲಿ. ಅದರ ಮೇಲೆ ಮಿಲಿಗೆ 100 ಮಿಲಿಗ್ರಾಂ ಎಂದು ಬರೆದಿದೆ. ಅರ್ಧ ದುಡ್ಡು ಸಂಡೂರಿನಲ್ಲಿ ಕೆಲಸಕ್ಕಿರುವ ನನ್ನ ಭಾಮೈದ ಹಾಕಿದ್ದಾನೆ. ಅವನಿಗೆ 20 ವರ್ಷ. ಅರ್ಧ ಪಾಲು ಅವನಿಗೆ ಕೊಡಬೇಕು.

ನಮ್ಮ ಮನೆಯಲ್ಲಿ ಎರಡೂವರೆ ವರ್ಷದ ಮಗಳಿದ್ದಾಳೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಡುತ್ತಾಳೆ. ಹಾಗಾಗಿ ಎಲ್ಲವನ್ನೂ ಕಂಪ್ಲಿಯಲ್ಲಿ ಅತ್ತೆ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಏನದು ಅಂತ ಅತ್ತೆ ಕೇಳಿದ್ದಕ್ಕೆ ಹೋಂಸ್ಟೇ ರೂಮಿಗೆ ಹಾಕುವ ಸೆಂಟು ಅಂದೆ. ಹೆಂಡತಿಗೂ ಗೊತ್ತಿಲ್ಲ. ಮುಂದಿನ ತಿಂಗಳು ಅಲ್ಲಿ ಊರ ತೇರು, ನೆಂಟರೆಲ್ಲ ಬರುತ್ತಾರೆ.

ನನಗೆ ಬೇಕಾದ್ದು ಇಷ್ಟು: ಈ ದ್ರವ ಎಷ್ಟು ದಿನ ಕೆಡದೆ ಇರುತ್ತದೆ? ಕೈಗೆ ತಾಗದಂತೆ ಬೆರೆಸುವುದು ಹೇಗೆ? ಕಾನೂನು ಬರುವ ಮೊದಲು ತಂದದ್ದಾದರೆ ತೊಂದರೆ ಇಲ್ಲ ತಾನೆ? ರಾತ್ರಿ ನಿದ್ದೆ ಬರುತ್ತಿಲ್ಲ. ದಯವಿಟ್ಟು ಹೆಸರು ಹಾಕಬೇಡಿ.
ಹೆಸರು ಬೇಡ, ಹೊಸಪೇಟೆ

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಮೂರಕ್ಕೂ ಉತ್ತರ ಕೊಡುತ್ತೇನೆ. ಅದಕ್ಕೂ ಮೊದಲು ಒಂದು ಕೆಲಸ ಆಗಬೇಕು. ಈ ಪುಟ ಓದಿ ಮುಗಿಸಿದ ಕೂಡಲೇ ಕಂಪ್ಲಿಗೆ ಹೊರಡಿ. ನಾಳೆಯವರೆಗೆ ಕಾಯಬೇಡಿ.

ಕಾರಣ ಹೇಳುತ್ತೇನೆ. ತೇರು ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಆಗುವ ಕೆಲಸವೇ ಅಟ್ಟ ಹತ್ತುವುದು. ಹಂಡೆ, ಕೊಪ್ಪರಿಗೆ, ದೊಡ್ಡ ಪರಾತ, ಚಾಪೆ ಎಲ್ಲ ಕೆಳಗಿಳಿಯುತ್ತವೆ. ಅವುಗಳ ಜೊತೆ ನಿಮ್ಮ ಡಬ್ಬಿಯೂ ಇಳಿಯುತ್ತದೆ. ಸೆಂಟು ಅಂದುಕೊಂಡು ಯಾರೋ ಮುಚ್ಚಳ ತೆಗೆದು ಮೂಸುತ್ತಾರೆ, ಅಂಗೈಗೆ ಸುರಿದುಕೊಂಡು ಬಟ್ಟೆಗೆ ಹಚ್ಚಿಕೊಳ್ಳುತ್ತಾರೆ. ಮಾವಿನ ಹಣ್ಣಿನ, ಸ್ಟ್ರಾಬೆರಿಯ ಚಿತ್ರವಿರುವ ಬಾಟಲಿ ಮಕ್ಕಳ ಕೈಗೆ ಹೋಗುತ್ತದೆ. ಮಗಳನ್ನು ಕಾಪಾಡಲೆಂದೇ ಅದನ್ನು ಮನೆಯಿಂದ ದೂರ ಇಟ್ಟಿರಿ, ಆ ಕಾಳಜಿ ನಿಜ. ಆದರೆ ಈಗ ಅದು ಇನ್ನಷ್ಟು ಮಕ್ಕಳು ಸೇರುವ ಮನೆಯಲ್ಲಿದೆ, ಅದೂ ಸುಳ್ಳು ಹೆಸರಿನಲ್ಲಿ.

ಆ ಸುಳ್ಳು ಹೆಸರೇ ಎಲ್ಲಕ್ಕಿಂತ ದೊಡ್ಡ ಅಪಾಯ. ಮಗು ಅದನ್ನು ಕುಡಿದು ವಾಂತಿ ಮಾಡಿಕೊಂಡಿತು ಎಂದುಕೊಳ್ಳಿ. ಆಸ್ಪತ್ರೆಯಲ್ಲಿ ಡಾಕ್ಟರು ಏನು ಕುಡಿಯಿತು ಎಂದು ಕೇಳಿದರೆ ನಿಮ್ಮ ಅತ್ತೆ ಸೆಂಟು ಎನ್ನುತ್ತಾರೆ. ಅಲ್ಲಿಂದ ಚಿಕಿತ್ಸೆ ಬೇರೆ ದಾರಿ ಹಿಡಿಯುತ್ತದೆ. ನಿಕೋಟಿನ್ ವಿಷದ ಲಕ್ಷಣಗಳು ಸಾಮಾನ್ಯವಾಗಿ 15 ನಿಮಿಷದಿಂದ ಒಂದು ಗಂಟೆಯೊಳಗೆ ಶುರುವಾಗುತ್ತವೆ. ಹಾಳು ಮಾಡಲು ಸಮಯ ಇರುವುದಿಲ್ಲ.

ಆ ಬಾಟಲಿಯಲ್ಲಿ ಇರುವುದೆಷ್ಟು?

ಲೆಕ್ಕ ನೀವೇ ಬರೆದಿದ್ದೀರಿ, ಗುಣಿಸಿ ನೋಡಿಲ್ಲ ಅಷ್ಟೆ. ಮಿಲಿಗೆ 100 ಮಿಲಿಗ್ರಾಂ, ಬಾಟಲಿಯಲ್ಲಿ 100 ಮಿಲಿ. ಅಂದರೆ 10,000 ಮಿಲಿಗ್ರಾಂ, ಹತ್ತು ಗ್ರಾಂ ನಿಕೋಟಿನ್. ಒಂದು ಸಿಗರೇಟು ಸೇದಿದವನ ದೇಹಕ್ಕೆ ಸೇರುವುದು ಸುಮಾರು ಒಂದರಿಂದ ಒಂದೂವರೆ ಮಿಲಿಗ್ರಾಂ. ಐರೋಪ್ಯ ಒಕ್ಕೂಟದಲ್ಲಿ ಈ ದ್ರವ ಮಾರಲು ಅನುಮತಿ ಇದ್ದರೂ ಮಿಲಿಗೆ 20 ಮಿಲಿಗ್ರಾಂ ಮೀರುವಂತಿಲ್ಲ, ಒಂದು ಬಾಟಲಿ 10 ಮಿಲಿಗಿಂತ ದೊಡ್ಡದಿರುವಂತಿಲ್ಲ. ನಿಮ್ಮ ಬಾಟಲಿ ಅದಕ್ಕಿಂತ ಐದು ಪಟ್ಟು ಗಟ್ಟಿ, ಹತ್ತು ಪಟ್ಟು ದೊಡ್ಡದು.

ದೊಡ್ಡವರ ಜೀವಕ್ಕೆ 30ರಿಂದ 60 ಮಿಲಿಗ್ರಾಂ ಸಾಕು ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ಬರ್ನ್ಡ್ ಮೇಯರ್ ಆ ಲೆಕ್ಕವನ್ನು ಮರುಪರಿಶೀಲಿಸಿ, ಅದು ಅರ್ಧ ಗ್ರಾಂನಿಂದ ಒಂದು ಗ್ರಾಂವರೆಗೆ ಇರಬಹುದು ಎಂದರು. ಈ ಉದಾರವಾದ ಲೆಕ್ಕವನ್ನೇ ಹಿಡಿಯೋಣ. ನಿಮ್ಮ ಬಾಟಲಿಯ ಒಂದು ಟೀ ಚಮಚದಲ್ಲಿ ಅರ್ಧ ಗ್ರಾಂ ಇದೆ. ಹನ್ನೆರಡು ಕಿಲೋ ತೂಗುವ ಮಗುವಿಗೆ ಚಮಚವೂ ಬೇಕಿಲ್ಲ, ಒಂದು ಮಿಲಿಯೇ ಪ್ರಾಣಾಪಾಯ. 2014ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥ ದ್ರವ ಕುಡಿದು ಒಂದು ಪುಟ್ಟ ಮಗು ತೀರಿಕೊಂಡಿತು. ಅದಾದ ಮೇಲೆ, ಮಕ್ಕಳ ಕೈಯಲ್ಲಿ ತೆರೆಯಲಾಗದ ಮುಚ್ಚಳ ಇರಲೇಬೇಕು ಎಂದು ಅಲ್ಲಿ ದೇಶಕ್ಕೇ ಕಾನೂನು ಬಂತು.

ಕುಡಿದರೆ ಮಾತ್ರ ಅಪಾಯ ಎಂದುಕೊಳ್ಳಬೇಡಿ. ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರನ್ನು ಕೇಳಿ: ಒದ್ದೆ ಎಲೆ ಬರಿಗೈಯಲ್ಲಿ ಮುರಿದವರಿಗೆ ತಲೆಸುತ್ತು, ವಾಂತಿ ಬರುವುದುಂಟು. ಅದು ಎಲೆಯಿಂದ ಚರ್ಮಕ್ಕೆ ಇಳಿದ ನಿಕೋಟಿನ್ನಿನ ಕೆಲಸ. ಒಂದು ಕಾಲಕ್ಕೆ ನಿಕೋಟಿನ್ ಸಲ್ಫೇಟನ್ನು ಬೆಳೆಗೆ ಕೀಟನಾಶಕವಾಗಿ ಹೊಡೆಯುತ್ತಿದ್ದರು. ನಮ್ಮ ದೇಶದಲ್ಲಿ ಆ ಬಳಕೆಯನ್ನೇ ನಿಷೇಧಿಸಲಾಗಿದೆ. ಕರ್ನಾಟಕ ಸರ್ಕಾರ 2015ರ ವಿಷ ನಿಯಮಗಳ ಅಡಿಯಲ್ಲಿ ನಿಕೋಟಿನ್ನನ್ನು ‘ಎ’ ವರ್ಗದ ವಿಷವೆಂದು ಗುರುತಿಸಿದೆ. ಕಂಪ್ಲಿಯ ಭತ್ತದ ಗದ್ದೆಗೆ ಎಣ್ಣೆ ಹೊಡೆಯುವ ರೈತ ಆ ಬಾಟಲಿಯನ್ನು ಅಡುಗೆಮನೆಯಲ್ಲಿ ಇಡುವುದಿಲ್ಲ, ಮಕ್ಕಳಿಗೆ ಅದನ್ನು ಸೆಂಟು ಎಂದು ಹೇಳುವುದಿಲ್ಲ. ನಿಮ್ಮ ಬಾಟಲಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಇವತ್ತು ಮಾಡಬೇಕಾದದ್ದು

ಮನೆಯಲ್ಲಿರುವ ದೊಡ್ಡವರಿಗೆ ಅದು ವಿಷ ಎಂದು ಬಾಯಿಬಿಟ್ಟು ಹೇಳಿ. ವೇಪ್, ಇ-ಸಿಗರೇಟು ಎಂಬ ಪದ ಅತ್ತೆಗೆ ಗೊತ್ತಿರಲಿಕ್ಕಿಲ್ಲ. ‘ಹೊಗೆಸೊಪ್ಪಿನ ಸಾರ, ಹೊಲದ ಎಣ್ಣೆಯಷ್ಟೇ ವಿಷ’ ಎಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಬೀಗ ಹಾಕುವ ಕಬ್ಬಿಣದ ಟ್ರಂಕೋ ಬೀರುವೋ ಇದ್ದರೆ ಬಾಟಲಿಗಳನ್ನು ಅದರಲ್ಲಿಡಿ, ಕೀಲಿ ನಿಮ್ಮ ಹತ್ತಿರ ಇರಲಿ. ಮೂಲ ಬಾಟಲಿಯಿಂದ ಬೇರೆ ಯಾವುದಕ್ಕೂ ಸುರಿಯಬೇಡಿ, ನೀರಿನ ಬಾಟಲಿ, ಔಷಧಿ ಸೀಸೆಗಂತೂ ಬೇಡವೇ ಬೇಡ. ಹೊರಗೆ ದೊಡ್ಡ ಅಕ್ಷರದಲ್ಲಿ ‘ವಿಷ, ನಿಕೋಟಿನ್’ ಎಂದು ಕನ್ನಡದಲ್ಲಿ ಬರೆದು ಅಂಟಿಸಿ. ಫ್ರಿಜ್ಜಿನಲ್ಲಿ ಇಡಬೇಡಿ, ಅಲ್ಲಿ ಹಾಲು, ಮಕ್ಕಳ ಸಿರಪ್ ಪಕ್ಕದಲ್ಲೇ ಕೂರುತ್ತದೆ. ವೇಪ್‌ಗಳನ್ನು ಅಟ್ಟದ ಮೇಲೆ ಬಿಡಬೇಡಿ. ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ, ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಅದು ಕಾದರೆ ಬೆಂಕಿಗೆ ದಾರಿ. ಒತ್ತಿ ಒಡೆಯಬೇಡಿ, ಚುಚ್ಚಬೇಡಿ.

ಯಾವುದಾದರೂ ಬಾಟಲಿ ಸೋರಿದ್ದರೆ ಕಿಟಕಿ ಬಾಗಿಲು ತೆರೆದು, ರಬ್ಬರ್ ಅಥವಾ ನೈಟ್ರೈಲ್ ಗ್ಲೌಸ್ ಹಾಕಿಕೊಂಡು, ಒಣ ಮರಳೋ ಹಳೇ ಬಟ್ಟೆಯೋ ಹಾಕಿ ಹೀರಿಸಿ. ಅದನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀಗದೊಳಗೇ ಇಡಿ. ಸೋರಿದ ಜಾಗವನ್ನು ಸೋಪು ನೀರಿನಿಂದ ತೊಳೆಯಿರಿ. ಆ ಹೊತ್ತಿಗೆ ಮಗು, ಬಸುರಿ ಹೆಂಗಸರು ಯಾರೂ ಹತ್ತಿರ ಇರಬಾರದು. ದ್ರವವನ್ನು ಬಚ್ಚಲಿಗೆ, ಚರಂಡಿಗೆ, ಕಾಲುವೆಗೆ ಸುರಿಯಬೇಡಿ. ನಿಕೋಟಿನ್ ಮೀನಿಗೂ ವಿಷ. ಆ ಕಾಲುವೆ ನೀರನ್ನೇ ದನ ಕುಡಿಯುತ್ತವೆ, ಮಕ್ಕಳು ಅದರಲ್ಲೇ ಈಜುತ್ತಾರೆ.

ಮೈಗೆ ತಾಗಿದರೆ, ಬಾಯಿಗೆ ಹೋದರೆ

ಇದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಚರ್ಮಕ್ಕೆ ತಾಗಿದರೆ ಆ ಬಟ್ಟೆಯನ್ನು ತಕ್ಷಣ ತೆಗೆದು, ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹದಿನೈದು ನಿಮಿಷ ಬರೀ ನೀರು ಹಾಯಿಸಿ. ನುಂಗಿದರೆ ವಾಂತಿ ಮಾಡಿಸಬೇಡಿ. ಉಪ್ಪು ನೀರು, ಹುಣಸೆ ನೀರು, ಹಾಲು, ಮೊಟ್ಟೆ ಯಾವುದನ್ನೂ ಕುಡಿಸಬೇಡಿ. ಫಿಟ್ಸ್ ಬಂದ ಹೊತ್ತಿನಲ್ಲಿ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಓಡಿ. ಬಾಟಲಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ, ಮುಜುಗರ ಬಿಟ್ಟು ‘ಇದು ನಿಕೋಟಿನ್’ ಎನ್ನಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800-116-117, ಚಿಕಿತ್ಸೆ ಕೊಡುವ ಡಾಕ್ಟರಿಗೂ ಅದು ಉಪಯೋಗ.

ಲಕ್ಷಣಗಳು ಎರಡು ಹಂತದಲ್ಲಿ ಬರುತ್ತವೆ. ಮೊದಲು ವಾಕರಿಕೆ, ವಾಂತಿ, ಬಾಯಲ್ಲಿ ಜೊಲ್ಲು, ಬೆವರು, ಮುಖ ಬಿಳಿಚಿಕೊಳ್ಳುವುದು, ಎದೆ ಡವಡವ, ಕೈ ನಡುಕ. ಆಮೇಲೆ ಎಲ್ಲ ತಿರುವುಮುರುವಾಗುತ್ತದೆ: ನಾಡಿ ನಿಧಾನವಾಗುತ್ತದೆ, ಬಿಪಿ ಇಳಿಯುತ್ತದೆ, ಮೈ ಸೋಲುತ್ತದೆ, ಫಿಟ್ಸ್ ಬರಬಹುದು, ಉಸಿರು ನಿಲ್ಲಬಹುದು. ವಾಂತಿ ನಿಂತಿತು, ಮಗು ಸುಮ್ಮನಾಯಿತು ಎಂದು ಮನೆಯಲ್ಲೇ ಕೂರುವುದು ಈ ಎರಡನೇ ಹಂತದಲ್ಲಿ ಪ್ರಾಣಕ್ಕೆ ಎರವಾಗುತ್ತದೆ.

‘ಕಾನೂನು ಬರುವ ಮೊದಲೇ ತಂದದ್ದು’

ಇಲ್ಲಿ ನಿಮಗೆ ಒಂದು ದೊಡ್ಡ ತಪ್ಪು ತಿಳಿವಳಿಕೆ ಆಗಿದೆ. ಬರಲಿದೆ ಎಂದು ನೀವು ಹೆದರುತ್ತಿರುವ ಕಾನೂನು ಬಂದು ವರ್ಷಗಳೇ ಆದವು. ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಸುಗ್ರೀವಾಜ್ಞೆ ತಂದಿತು, ಅದೇ ಡಿಸೆಂಬರಿನಲ್ಲಿ ಸಂಸತ್ತು ಅದನ್ನು ಕಾಯ್ದೆ ಮಾಡಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ನಿಷಿದ್ಧ, ಇಡೀ ಸಾಧನವಾಗಲಿ, ಅದರ ಒಂದು ಭಾಗವಾಗಲಿ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ದಾಸ್ತಾನಿಗೆ ಬೇರೆಯೇ ಕಲಂ ಇದೆ: ಆರು ತಿಂಗಳವರೆಗೆ ಸೆರೆ ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸೇದುವವನಿಗೆ ಶಿಕ್ಷೆ ಎಂದು ಕಾಯ್ದೆ ನೇರವಾಗಿ ಹೇಳದಿದ್ದರೂ, ಯಾವ ರೂಪದಲ್ಲಿ, ಎಷ್ಟೇ ಪ್ರಮಾಣದಲ್ಲಿ ಇಟ್ಟುಕೊಂಡರೂ ಅದು ಕಾಯ್ದೆಗೆ ವಿರುದ್ಧ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಸ್ಪಷ್ಟಪಡಿಸಿದೆ.

ಮೊದಲೇ ತಂದದ್ದು ಎಂಬ ಮಾತಿಗೂ ಆಗಲೇ ಉತ್ತರವಿತ್ತು. ಹಳೇ ದಾಸ್ತಾನು ಇದ್ದವರು ತಾವಾಗಿಯೇ ಪಟ್ಟಿ ಮಾಡಿ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕು ಎಂದು 2019ರಲ್ಲೇ ಹೇಳಲಾಗಿತ್ತು. ನೀವು ಗೆಳೆಯರ ಬಾಯಲ್ಲಿ ಕೇಳಿದ ‘ಹೊಸ ಕಾನೂನು’ ಬಹುಶಃ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ರಾಜ್ಯದ ತಂಬಾಕು ತಿದ್ದುಪಡಿ. ಅದು ಸಿಗರೇಟು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಹುಕ್ಕಾ ಬಾರ್‌ಗಳನ್ನು ಮುಚ್ಚಿಸಿತು, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡವನ್ನು 200ರಿಂದ 1,000 ರೂಪಾಯಿಗೆ ಹೆಚ್ಚಿಸಿತು. ನಿಮ್ಮ ಡಬ್ಬಿಯಲ್ಲಿರುವುದು ಅದಕ್ಕೂ ಎಷ್ಟೋ ಮೊದಲೇ ನಿಷಿದ್ಧವಾದದ್ದು.

ಇನ್ನೊಂದು ಮಾತು ನಿಮ್ಮ ಅತ್ತೆ ಮಾವನ ಬಗ್ಗೆ. ಜಾಗದ ಒಡೆಯ ತಿಳಿದೂ ದಾಸ್ತಾನಿಗೆ ಬಿಟ್ಟರೆ ತಪ್ಪು ಅವನದು ಎನ್ನುತ್ತದೆ ಕಾಯ್ದೆ. ಹೇಳದಿದ್ದರೆ ಮನೆಯವರ ಜೀವಕ್ಕೆ ಅಪಾಯ. ಹೇಳಿಯೂ ಅಲ್ಲೇ ಬಿಟ್ಟರೆ ಕಾನೂನು ಅವರ ತಲೆಗೆ. ಆದ್ದರಿಂದ ಹೇಳಿದ ಮೇಲೆ ತೆಗೆಯುವುದು ತಡವಾಗಬಾರದು. ಅದನ್ನು ಹೋಂಸ್ಟೇಗೆ ತಂದರೂ ಅದೇ ಕಲಂ, ಮೇಲಾಗಿ ನಿಮ್ಮ ಲೈಸೆನ್ಸು, ಅನ್ನದ ದಾರಿ ಎರಡೂ ಹೋಗಬಹುದು.

ಡಬ್ಬಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸುವ ಮೊದಲು ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿ, ಏಕೆಂದರೆ ಸಾಗಣೆಯೂ ಕಾಯ್ದೆಯಲ್ಲಿದೆ. ವಕೀಲರ ಫೀಸು ಕಷ್ಟವಾದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100 ಇದೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ತಂಬಾಕು ನಿಯಂತ್ರಣ ವಿಭಾಗವನ್ನೂ ಕೇಳಬಹುದು. ಹೊಸಪೇಟೆ ವಿಜಯನಗರ ಜಿಲ್ಲೆ, ಕಂಪ್ಲಿ ಮತ್ತು ಸಂಡೂರು ಬಳ್ಳಾರಿ ಜಿಲ್ಲೆ, ಸಾಮಾನು ಇರುವುದು ಕಂಪ್ಲಿಯಲ್ಲಿ ಎಂಬುದನ್ನು ಮರೆಯದೆ ಹೇಳಿ. ಇದಕ್ಕೆ ಒಂದು ವಾರ ಸಾಕು. ತೇರಿನ ಮೊದಲು ಮುಗಿಸಿ.

ಭಾಮೈದನ ಪಾಲು

ಅವನಿಗೆ ದುಡ್ಡು ವಾಪಸ್ ಕೊಡಿ, ಸಾಮಾನು ಕೊಡಬೇಡಿ. ನಿಮ್ಮ ದೃಷ್ಟಿಯಲ್ಲಿ ಅದು ಪಾಲು, ಕಾಯ್ದೆಯ ದೃಷ್ಟಿಯಲ್ಲಿ ಹಂಚಿಕೆ. ಹೋದ ದುಡ್ಡು ಬರಲಿ ಎಂದು ಗೆಳೆಯರಿಗೆ ಅಸಲಿಗೇ ಕೊಟ್ಟರೂ ಅದು ಮಾರಾಟ.

ಕಾನೂನಿಗಿಂತ ನನಗೆ ಹೆಚ್ಚು ಚಿಂತೆ ಅವನ ವಯಸ್ಸಿನದು. 20ರ ಹುಡುಗನಿಗೆ ಈ ರಾಜ್ಯದಲ್ಲಿ ಒಂದು ಸಿಗರೇಟು ಮಾರುವಂತಿಲ್ಲ. ಮಿದುಳು 25ರ ಸುಮಾರಿನವರೆಗೂ ಬೆಳೆಯುತ್ತಲೇ ಇರುತ್ತದೆ, ಆ ಹೊತ್ತಿನಲ್ಲಿ ಹತ್ತಿದ ನಿಕೋಟಿನ್ ಆಳಕ್ಕೆ ಬೇರು ಬಿಡುತ್ತದೆ. ಅವನು ಇದನ್ನು ಹಿಡಿದದ್ದು ನಿಮ್ಮನ್ನು ನೋಡಿಯೇ ಇರಬಹುದು. ಹಾಗಿದ್ದರೆ ಬಿಡುವುದಕ್ಕೂ ನಿಮ್ಮನ್ನೇ ನೋಡುತ್ತಾನೆ. ಅವನನ್ನು ಬೈಯಬೇಡಿ, ಅವನ ಮುಂದೆ ಉಪದೇಶವನ್ನೂ ಇಡಬೇಡಿ. ‘ನಾನು ಇಂಥ ದಿನದಿಂದ ಬಿಡುತ್ತಿದ್ದೇನೆ, ನೀನೂ ಬರುತ್ತೀಯಾ?’ ಎಂದು ಕೇಳಿ. ಇಬ್ಬರು ಒಟ್ಟಿಗೆ ಬಿಡುವುದು ಒಬ್ಬರೇ ಬಿಡುವುದಕ್ಕಿಂತ ಸುಲಭ.

ಸಿಗರೇಟಿಗಿಂತ ವಾಸಿಯಲ್ಲವೇ?

ನೀವು ಸಿಗರೇಟು ಬಿಟ್ಟದ್ದು ಸಣ್ಣ ಸಾಧನೆ ಅಲ್ಲ. ಸಿಗರೇಟಿನ ಕೆಡುಕಿನ ದೊಡ್ಡ ಪಾಲು ಇರುವುದು ಸುಡುವ ಎಲೆಯ ಹೊಗೆಯಲ್ಲಿ, ಅದರ ಟಾರು ಮತ್ತು ಕಾರ್ಬನ್ ಮಾನಾಕ್ಸೈಡಿನಲ್ಲಿ. ವೇಪ್‌ನಲ್ಲಿ ಸುಡುವುದಿಲ್ಲ. ಇಂಗ್ಲೆಂಡಿನಲ್ಲಿ ಸಿಗರೇಟು ಬಿಡಿಸಲು ವೈದ್ಯರೇ ಇದನ್ನು ಸೂಚಿಸುವುದುಂಟು. ಇಷ್ಟು ನಿಜವನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಅಲ್ಲಿ ಸಿಗುವುದು ಅಳತೆ ಗೊತ್ತಿರುವ, ತಪಾಸಣೆ ಇರುವ ಸರಕು. ನಿಮ್ಮ ಡಬ್ಬಿಯಲ್ಲಿರುವುದು ಕಳ್ಳದಾರಿಯಲ್ಲಿ ಬಂದದ್ದು. ಮೇಲೆ ಬರೆದ ಅಂಕಿಯನ್ನು ಯಾರೂ ಪರೀಕ್ಷಿಸಿಲ್ಲ, ಒಳಗೆ ಇನ್ನೇನು ಬೆರೆತಿದೆಯೋ ಹೇಳುವವರಿಲ್ಲ. 2019-20ರಲ್ಲಿ ಅಮೆರಿಕದಲ್ಲಿ ವೇಪ್‌ನಿಂದ ಶ್ವಾಸಕೋಶ ಹಾಳಾಗಿ 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 68 ಮಂದಿ ಸತ್ತರು. ಬಹುಪಾಲು ಪ್ರಕರಣಗಳ ಹಿಂದೆ ಇದ್ದದ್ದು ಕಳ್ಳಮಾರುಕಟ್ಟೆಯ ಗಾಂಜಾ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ದ್ರವವನ್ನು ಶ್ವಾಸಕೋಶಕ್ಕೆ ಎಳೆಯುವುದರ ಬೆಲೆ ಅದು.

ಈ ಕಾರಣಕ್ಕೇ ಬೆರೆಸುವ ವಿಧಾನವನ್ನು ನಾನು ಬರೆಯುವುದಿಲ್ಲ. ಲೇಬಲ್ಲೇ ನಂಬಲಾಗದಾಗ ಲೆಕ್ಕ ಎಷ್ಟು ಸರಿ ಮಾಡಿದರೂ ತಪ್ಪೇ. ಎಷ್ಟು ದಿನ ಕೆಡದೆ ಇರುತ್ತದೆ ಎಂದಿರಿ. ಗಾಳಿ, ಬೆಳಕು, ಬಿಸಿ ತಾಗಿದರೆ ನಿಕೋಟಿನ್ ಕಂದು ತಿರುಗಿ ಕೆಡುತ್ತಾ ಹೋಗುತ್ತದೆ. ಆದರೆ ಹಳತಾಯಿತು ಎಂದು ವಿಷ ಹೋಗುವುದಿಲ್ಲ. ರುಚಿ ಕೆಟ್ಟ ಮೇಲೂ ಅದು ಮಗುವಿಗೆ ಅಷ್ಟೇ ಅಪಾಯ.

ಕೂಡಿಡುವ ಭಯ

ಈಗ ನಿಮ್ಮ ನಿದ್ದೆಗೆಟ್ಟ ರಾತ್ರಿಗಳಿಗೆ ಬರುತ್ತೇನೆ. ನಿಮ್ಮ ಕಾಗದದ ಮೂರೂ ಪ್ರಶ್ನೆಗಳ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇದೆ: ‘ಅದು ಸಿಗದ ದಿನ ನನ್ನ ಗತಿ ಏನು?’ ನೀವು ಅಷ್ಟನ್ನು ಕೂಡಿಟ್ಟದ್ದು ಆ ದಿನದ ಹೆದರಿಕೆಗೆ. ನಿಕೋಟಿನ್ ದೇಹದಲ್ಲಿ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಇಳಿದಾಗ ಮಿದುಳು ಚಡಪಡಿಸುತ್ತದೆ, ಎಳೆದ ಕೂಡಲೇ ಸಮಾಧಾನ ಆಗುತ್ತದೆ. ಹಾಗಾಗಿ ಅದು ನಿಮ್ಮನ್ನು ಶಾಂತವಾಗಿಡುತ್ತದೆ ಎಂದು ಅನಿಸುತ್ತದೆ. ಆ ಚಡಪಡಿಕೆಯನ್ನು ಹುಟ್ಟಿಸುತ್ತಿರುವುದೂ ಅದೇ. ಎದ್ದ ಐದು ನಿಮಿಷದಲ್ಲಿ ಬೇಕೆನಿಸುವುದು ಚಟ ಗಟ್ಟಿಯಾಗಿದೆ ಎಂಬುದಕ್ಕೆ ವೈದ್ಯರು ನೋಡುವ ಮೊದಲ ಗುರುತು. ಅದು ನಿಮ್ಮ ಗುಣದ ದೋಷ ಅಲ್ಲ, ಚಿಕಿತ್ಸೆ ಇರುವ ಒಂದು ಅವಲಂಬನೆ.

ಸಿಗದ ದಿನ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಜೀವಕ್ಕೆ ಅಪಾಯ ಆಗಬಹುದು. ನಿಕೋಟಿನ್ ವಿಷಯ ಹಾಗಲ್ಲ, ಅದು ನಿಂತರೆ ಯಾರೂ ಸಾಯುವುದಿಲ್ಲ. ಸಿಡುಕು, ತಲೆನೋವು, ಗಮನ ನಿಲ್ಲದಿರುವುದು, ಹಸಿವು, ನಿದ್ದೆ ಕೆಡುವುದು ಇರುತ್ತವೆ. ಮೊದಲ ಎರಡು ಮೂರು ದಿನ ಜೋರು, ಆಮೇಲೆ ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಎಳೆಯಲೇಬೇಕು ಎನ್ನುವ ಒಂದೊಂದು ತುಡಿತ ಕೆಲವೇ ನಿಮಿಷ ಇದ್ದು ಇಳಿಯುತ್ತದೆ, ನೀವು ಎಳೆದರೂ, ಎಳೆಯದಿದ್ದರೂ.

ಬಿಡುವ ದಾರಿ

ಬಾಟಲಿಗಳನ್ನು ಒಪ್ಪಿಸುವ ದಿನವನ್ನೇ ಬಿಡುವ ದಿನ ಮಾಡಿಕೊಳ್ಳಿ. ಆ ಮೊದಲೇ 1800-11-2356ಕ್ಕೆ ಕರೆ ಮಾಡಿ. ಅದು ತಂಬಾಕು ಬಿಡುವವರ ರಾಷ್ಟ್ರೀಯ ಸಹಾಯವಾಣಿ, ಉಚಿತ, ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ಕರೆಗೆ ಮುಗಿಸುವುದಿಲ್ಲ, ನೀವು ಬಿಟ್ಟ ದಿನ, ಆಮೇಲಿನ ದಿನಗಳಲ್ಲಿ ಅವರೇ ಮತ್ತೆ ವಿಚಾರಿಸುತ್ತಾರೆ. ಆತಂಕ, ನಿದ್ದೆಯ ತೊಂದರೆಗೆ ಹಗಲು ರಾತ್ರಿ ಸಿಗುವ ಟೆಲಿ-ಮನಸ್ ಸಂಖ್ಯೆ 14416. ಜಿಲ್ಲಾಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರಕ್ಕೆ ನೇರ ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕಾರ್ಯಕ್ರಮಕ್ಕೆ ಮನೋವೈದ್ಯರು ಬರುತ್ತಾರೆ, ಸಂಡೂರಿನಲ್ಲಿರುವ ಭಾಮೈದನಿಗೆ ಅದನ್ನು ಹೇಳಿ.

ನಿಕೋಟಿನ್ ಬೇಕೇ ಬೇಕೆಂದಾದರೆ ಅಳತೆ ಗೊತ್ತಿರುವ, ಕಾನೂನು ಒಪ್ಪುವ ರೂಪ ಮೆಡಿಕಲ್ ಶಾಪಿನಲ್ಲೇ ಇದೆ. ನಿಕೋಟಿನ್ ಗಮ್ 2 ಮಿಲಿಗ್ರಾಂನದು ಸುಲಭವಾಗಿ ಸಿಗುತ್ತದೆ, 4 ಮಿಲಿಗ್ರಾಂಗೆ ಡಾಕ್ಟರ ಚೀಟಿ ಬೇಕು. ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೂಡ ಇದೆ. ವಿಶ್ವ ಆರೋಗ್ಯ ಸಂಸ್ಥೆ ಇವನ್ನು 2009ರಲ್ಲೇ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಗಮ್ ಅನ್ನು ಬಬಲ್ ಗಮ್ಮಿನಂತೆ ಜಗಿಯುತ್ತಾ ಹೋಗಬಾರದು. ನಾಲ್ಕಾರು ಸಲ ಜಗಿದು, ಬಾಯಲ್ಲಿ ಚುರುಕು ಅನಿಸಿದ ಕೂಡಲೇ ಕೆನ್ನೆಯ ಸಂದಿಗೆ ಸರಿಸಿ. ಚುರುಕು ಹೋದ ಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಗಮ್ ಬಾಯಲ್ಲಿದ್ದಾಗ ಮತ್ತು ಅದಕ್ಕೆ ಕಾಲು ಗಂಟೆ ಮೊದಲು ಟೀ, ಕಾಫಿ ಬೇಡ, ಅವು ನಿಕೋಟಿನ್ ಒಳಸೇರುವುದನ್ನು ತಡೆಯುತ್ತವೆ. ಸುಮಾರು ಮೂರು ತಿಂಗಳಲ್ಲಿ ದಿನದ ಗಮ್‌ಗಳನ್ನು ಇಳಿಸುತ್ತಾ ಬಂದು ನಿಲ್ಲಿಸಬೇಕು. ಹೃದಯದ ಕಾಯಿಲೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಗಟ್ಟಿ ಚಟಕ್ಕೆ ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳಿವೆ, ಅವು ವೈದ್ಯರ ಉಸ್ತುವಾರಿಯಲ್ಲಿ ಮಾತ್ರ. ಈ ಗಮ್, ಪ್ಯಾಚ್‌ಗಳನ್ನೂ ಮಗಳ ಕೈಗೆ ಸಿಗದಂತೆ ಬೀಗದಲ್ಲಿಡಿ.

ನಿಮ್ಮ ದಿನಚರಿಯನ್ನೂ ಸ್ವಲ್ಪ ಬದಲಿಸಿ. ಎದ್ದ ಕೂಡಲೇ ಕೈ ಹುಡುಕುವುದು ದಿಂಬಿನ ಪಕ್ಕ, ಅಲ್ಲಿ ಒಂದು ತಂಬಿಗೆ ನೀರಿಡಿ. ಕುಡಿದು, ಮಗಳು ಏಳುವ ಮೊದಲು ಹೊರಗೆ ನಡೆದು ಬನ್ನಿ. ಅತಿಥಿಗಳು ಕೊಡುವ ವೇಪ್ ಕಾಣಿಕೆಯನ್ನು ಮರ್ಯಾದೆಯಿಂದ ಬೇಡ ಎನ್ನಿ. ಭಾರತದಲ್ಲಿ ಇ-ಸಿಗರೇಟು ನಿಷಿದ್ಧ ಎಂದು ಹೋಂಸ್ಟೇ ಬಾಗಿಲಲ್ಲೇ ಬೋರ್ಡು ಹಾಕಿ. ಬೇರೆ ದೇಶದವರಿಗೆ ಅದು ಗೊತ್ತಿರದೆ ಹೋಗಬಹುದು, ಹೇಳಿದರೆ ಅವರಿಗೂ ಉಪಕಾರ. ಸಂಜೆ ಅವರ ಜೊತೆ ಕೂತಾಗ ತುಡಿತ ಹೆಚ್ಚುತ್ತದೆ, ಮೊದಲ ಎರಡು ವಾರ ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳಿ. ಮುಖ್ಯವಾಗಿ, ತಡೆಯಲಾಗದ ಹೊತ್ತಿನಲ್ಲೂ ಮತ್ತೆ ಸಿಗರೇಟಿಗೆ ಹೋಗಬೇಡಿ. ಒಂದು ದಿನ ಜಾರಿದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಬಿಟ್ಟವರಲ್ಲಿ ಎಷ್ಟೋ ಜನ ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನಿಸಿ ಬಿಟ್ಟವರು.

ಹೆಂಡತಿಗೆ ಹೇಗೆ ಹೇಳಲಿ?

ನೀವು ಇದನ್ನು ಕೇಳಿಲ್ಲ, ಆದರೆ ನಿದ್ದೆ ಕೆಡಿಸುತ್ತಿರುವುದರಲ್ಲಿ ಇದೂ ಒಂದು. ಅತ್ತೆಗೆ ಹೇಳುವ ಮೊದಲು ಹೆಂಡತಿಗೆ ಹೇಳಿ. ತವರಿನಿಂದ ಸುದ್ದಿ ತಿಳಿದರೆ ಅವರಿಗೆ ಎರಡು ನೋವಾಗುತ್ತದೆ. ಕಂಪ್ಲಿಗೆ ಹೊರಡುವ ಮೊದಲೇ ಕೂರಿಸಿಕೊಂಡು, ಏನು ತಂದಿದ್ದೇನೆ, ಎಲ್ಲಿಟ್ಟಿದ್ದೇನೆ, ಎಂದು ಬಿಡುತ್ತೇನೆ ಎಂಬ ಮೂರನ್ನು ಒಂದೇ ಸಲಕ್ಕೆ ಹೇಳಿ. ಅವರ ತಮ್ಮನೂ ಇದರಲ್ಲಿದ್ದಾನೆ ಎಂಬುದನ್ನು ಮುಚ್ಚಬೇಡಿ, ಅವನ ಮೇಲೆ ಹಾಕಲೂಬೇಡಿ. ಅವರು ಸಿಟ್ಟಾಗುತ್ತಾರೆ, ಅಳಬಹುದು, ಆ ಹೊತ್ತಿಗೆ ಸಮರ್ಥನೆ ಕೊಡದೆ ಕೇಳಿಸಿಕೊಳ್ಳಿ. ನಂತರ ಅವರಿಂದ ಒಂದು ಸಹಾಯ ಕೇಳಿ: ಮೊದಲ ಮೂರು ದಿನ ನಾನು ಸಿಡುಕಿದರೆ ಸ್ವಲ್ಪ ತಾಳು. ಕಾರಣ ಗೊತ್ತಿದ್ದರೆ ಯಾರಿಗೇ ಆಗಲಿ ತಾಳುವುದು ಸುಲಭ.

ಕ್ರಮವನ್ನು ಇನ್ನೊಮ್ಮೆ ಹೇಳುತ್ತೇನೆ. ಇವತ್ತು ಹೆಂಡತಿಗೆ ಹೇಳಿ, ಅವರನ್ನೂ ಕರೆದುಕೊಂಡು ಕಂಪ್ಲಿಗೆ ಹೋಗಿ, ಡಬ್ಬಿ ಇಳಿಸಿ ಬೀಗ ಹಾಕಿ, ಮನೆಯವರಿಗೆ ವಿಷ ಎಂದು ತಿಳಿಸಿ. ನಾಳೆ ವಕೀಲರು ಅಥವಾ 15100. ನಾಳೆಯೇ 1800-11-2356. ಈ ವಾರದೊಳಗೆ ಒಪ್ಪಿಸಿ. ಭಾಮೈದನ ದುಡ್ಡು ಕಂತಿನಲ್ಲಾದರೂ ತೀರಿಸಿ. ಹೋದ ಹಣ ಹೋಯಿತು ಎಂದು ಒಪ್ಪಿಕೊಳ್ಳಿ, ಅದರ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಸಿಗರೇಟನ್ನು ಒಮ್ಮೆ ಬಿಟ್ಟವರು ನೀವು, ಇದನ್ನೂ ಬಿಡುವ ಶಕ್ತಿ ನಿಮ್ಮಲ್ಲಿದೆ. ಈ ಸಲ ಒಬ್ಬರೇ ಕದ್ದುಮುಚ್ಚಿ ಮಾಡಬೇಕಾಗಿಲ್ಲ. ಮೂರು ತಿಂಗಳಾದ ಮೇಲೆ ನನಗೆ ಇನ್ನೊಂದು ಕಾಗದ ಬರೆಯಿರಿ.